ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಅತಿಥಿ: ಬೆಂಗಳೂರಿನಲ್ಲಿ ಮ್ಯಾಕ್ಸ್ ಬಾರ್ನ್

ಹೊರದೇಶದ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದ ಪ್ರಾಧ್ಯಾಪಕರು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವರು ಇಲ್ಲಿಂದ ಅಲ್ಲಿಗೆ ಹೋದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್ 1936ರಲ್ಲಿ ಆಕ್ಸ್‌ಫರ್ಡಿನ ಸ್ಪಾಲ್ಡಿಂಗ್ ಪೀಠವನ್ನೇರಿದರು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ 1948ರಿಂದ 1951ರವರೆಗೆ ಅದೇ ಆಕ್ಸ್‌ಫರ್ಡಿನಲ್ಲಿ ಭಾರತೀಯ ಸಮಾಜಶಾಸ್ತ್ರ ಕಲಿಸಿದರು. ಗಿರೀಶ ಕಾರ್ನಾಡರು 1987-88ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅತಿಥಿಯಾಗಿದ್ದರು. ಇವರ ಬಗ್ಗೆ ಸಾಕಷ್ಟು ಬರೆದದ್ದಾಗಿದೆ, ಮಾತನಾಡಿದ್ದಾಗಿದೆ. ಈ ಉಪನ್ಯಾಸ ಎದುರು ದಿಕ್ಕಿನಿಂದ ಬಂದವರೊಬ್ಬರದು. 1935ರಲ್ಲಿ ಯುರೋಪಿನಿಂದ ಬೆಂಗಳೂರಿಗೆ ಬಂದು, ಸುಮಾರು ಆರು ತಿಂಗಳು ಇದ್ದು, ಇಲ್ಲೇ ಉಳಿಯಲು ಮನಸ್ಸಿದ್ದೂ ಉಳಿಯಲಾಗದೆ ಹಿಂತಿರುಗಿದ ಮ್ಯಾಕ್ಸ್ ಬಾರ್ನ್ ಅವರದು.

ಬಾರ್ನ್ ಯಾರು ಎಂಬುದನ್ನು ಮೊದಲು ಹೇಳಬೇಕು. ಅವರು ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಬ್ರೆಸ್ಲೌ ನಗರದಲ್ಲಿ. 1921ರಲ್ಲಿ ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದಿನ ಹನ್ನೆರಡು ವರ್ಷ ಆ ಸಣ್ಣ ಊರು ಜಗತ್ತಿನ ಭೌತವಿಜ್ಞಾನಿಗಳಿಗೆಲ್ಲ ಯಾತ್ರಾಸ್ಥಳವಾಗಿತ್ತು. ಪೌಲಿ, ಹೈಸನ್‌ಬರ್ಗ್ ಇಬ್ಬರೂ ಅವರ ಕೈಕೆಳಗೆ ಸಹಾಯಕರಾಗಿದ್ದವರು. ಓಪನ್‌ಹೈಮರ್ 1927ರಲ್ಲಿ ಡಾಕ್ಟರೇಟ್ ಪಡೆದದ್ದು ಅವರ ಬಳಿ. ಮುಂದೆ ನೊಬೆಲ್ ಪಡೆದ ಮರಿಯಾ ಗೋಪರ್ಟ್ ಮೇಯರ್ ಕೂಡ ಅವರ ವಿದ್ಯಾರ್ಥಿನಿ. 1925ರ ಬೇಸಿಗೆಯಲ್ಲಿ ಹೈಸನ್‌ಬರ್ಗ್ ಬರೆದು ತಂದ ಲೇಖನದ ವಿಚಿತ್ರ ಗುಣಾಕಾರವನ್ನು ನೋಡಿ, ಇದು ಗಣಿತಜ್ಞರು ಬಹುಕಾಲದಿಂದ ಬಲ್ಲ ಮ್ಯಾಟ್ರಿಕ್ಸ್ ಗುಣಾಕಾರವೇ ಎಂದು ಗುರುತಿಸಿದವರು ಬಾರ್ನ್. ಆ ಗುರುತಿನಿಂದಲೇ ಬಾರ್ನ್, ಹೈಸನ್‌ಬರ್ಗ್, ಯೋರ್ಡಾನ್ ಮೂವರೂ ಸೇರಿ ಕ್ವಾಂಟಂ ಮೆಕ್ಯಾನಿಕ್ಸಿಗೆ ಮೊದಲ ಪೂರ್ಣ ರೂಪ ಕೊಟ್ಟರು. ಮರುವರ್ಷ ಶ್ರೋಡಿಂಗರ್ ಸಮೀಕರಣದ ತರಂಗಕ್ಕೆ ಅರ್ಥವೇನು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರೂ ಅವರೇ: ಕಣವು ಎಲ್ಲಿ ಸಿಗಬಹುದು ಎಂಬುದರ ಸಂಭಾವ್ಯತೆಯನ್ನು ಆ ತರಂಗ ತಿಳಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಲಾಗದು. ಈಗ ಎಂ.ಎಸ್ಸಿ. ತರಗತಿಯ ಮೊದಲ ವಾರಗಳಲ್ಲೇ ಹೇಳಿಕೊಡುವ ಪಾಠ ಅದು.

ಇಂಥವರು ಬೆಂಗಳೂರಿಗೆ ಬಂದದ್ದೇಕೆ? ಜರ್ಮನಿ ಅವರನ್ನು ಹೊರಹಾಕಿತ್ತು. 1933ರ ಏಪ್ರಿಲ್ 7ರಂದು ಹಿಟ್ಲರ್ ಸರ್ಕಾರ ಸರ್ಕಾರಿ ನೌಕರರ ಕಾನೂನೊಂದನ್ನು ಹೊರಡಿಸಿತು. ಯಹೂದಿ ಮೂಲದವರನ್ನು, ಸರ್ಕಾರಕ್ಕೆ ಒಗ್ಗದವರನ್ನು ಹುದ್ದೆಯಿಂದ ತೆಗೆಯಲು ಅದು ದಾರಿ ಮಾಡಿತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲಿ ಸರ್ಕಾರಿ ನೌಕರರೇ. ಅದೇ ತಿಂಗಳ ಕೊನೆಯಲ್ಲಿ ಬಾರ್ನ್ ಹೆಸರು ಅಮಾನತಾದವರ ಪಟ್ಟಿಯಲ್ಲಿತ್ತು. ಮೇ ತಿಂಗಳಲ್ಲಿ ಅವರು ಹೆಂಡತಿ ಹೆಡ್ವಿಗ್ ಮತ್ತು ಮಕ್ಕಳೊಂದಿಗೆ ದಕ್ಷಿಣ ಟೈರೋಲಿನ ಬೆಟ್ಟದ ಹಳ್ಳಿಯೊಂದಕ್ಕೆ ಹೋದರು. ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ. ಕೇಂಬ್ರಿಡ್ಜಿನಲ್ಲಿ ಸಿಕ್ಕ ಸ್ಟೋಕ್ಸ್ ಲೆಕ್ಚರರ್ ಹುದ್ದೆ ಮೂರು ವರ್ಷದ ಅವಧಿಯದು. ಗೋಟಿಂಗೆನ್ನಿನಲ್ಲಿ ಸ್ವಂತ ವಿಭಾಗ ನಡೆಸಿದವರು ಐವತ್ತು ದಾಟಿದ ಮೇಲೆ ಹೊಸ ದೇಶದಲ್ಲಿ, ಹೊಸ ಭಾಷೆಯಲ್ಲಿ ತಾತ್ಕಾಲಿಕ ಉಪನ್ಯಾಸಕರಾದರು. ಅದೇ 1933ರ ಕೊನೆಯಲ್ಲಿ ಹೈಸನ್‌ಬರ್ಗ್ ಅವರಿಗೊಬ್ಬರಿಗೇ ನೊಬೆಲ್ ಬಂತು. ಒಟ್ಟಿಗೆ ಮಾಡಿದ ಕೆಲಸಕ್ಕೆ ತನಗೊಬ್ಬನಿಗೇ ಗೌರವ ಸಂದದ್ದರ ಸಂಕಟವನ್ನು ಹೈಸನ್‌ಬರ್ಗ್ ಕಾಗದ ಬರೆದು ತೋಡಿಕೊಂಡರು.

ಹಾಗೆಂದು ಕೇಂಬ್ರಿಡ್ಜಿನ ವರ್ಷಗಳು ಬರಡಾಗಿರಲಿಲ್ಲ. ಪೋಲೆಂಡಿನಿಂದ ಬಂದ ಇನ್‌ಫೆಲ್ಡ್ ಅವರ ಜೊತೆ ವಿದ್ಯುತ್ಕಾಂತ ಕ್ಷೇತ್ರದ ಹೊಸದೊಂದು ಸಿದ್ಧಾಂತ ಕಟ್ಟಿದರು. ಪರಮಾಣು ಭೌತಶಾಸ್ತ್ರದ ಪಠ್ಯವೊಂದನ್ನೂ, ಜನಸಾಮಾನ್ಯರಿಗಾಗಿ ಇನ್ನೊಂದು ಪುಸ್ತಕವನ್ನೂ ಇಂಗ್ಲಿಷಿನಲ್ಲಿ ಹೊರತಂದರು. ಎರಡೂ ಅಚ್ಚಾದದ್ದು 1935ರಲ್ಲಿ. ಆದರೆ ಅವಧಿ ಮುಗಿಯುತ್ತ ಬಂದಿತ್ತು, ಮುಂದಿನ ಊಟದ ದಾರಿ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಸಿ. ವಿ. ರಾಮನ್ ಅವರ ಕರೆ ಬಂತು.

ರಾಮನ್ 1933ರ ಏಪ್ರಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಕಲ್ಕತ್ತೆಯಿಂದ ಬೆಂಗಳೂರಿಗೆ ಬಂದಿದ್ದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರು. ಜೆಮ್‌ಶೆಟ್‌ಜಿ ಟಾಟಾ ಅವರ ದತ್ತಿ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನು, ಇವುಗಳ ಮೇಲೆ 1909ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಆವರೆಗೆ ಅಲ್ಲಿ ರಸಾಯನಶಾಸ್ತ್ರ ಮತ್ತು ಎಲೆಕ್ಟ್ರಿಕಲ್ ವಿಭಾಗಗಳದೇ ಪ್ರಾಬಲ್ಯ. ಭೌತಶಾಸ್ತ್ರದ ವಿಭಾಗ ತೆರೆದದ್ದು ರಾಮನ್ ಬಂದ ಮೇಲೆ. ಮರುವರ್ಷ, 1934ರಲ್ಲಿ, ಅವರು ಭಾರತೀಯ ವಿಜ್ಞಾನ ಅಕಾಡೆಮಿಯನ್ನೂ ಬೆಂಗಳೂರಿನಲ್ಲೇ ಸ್ಥಾಪಿಸಿ, ಅದರ ನಿಯತಕಾಲಿಕವನ್ನು ತಿಂಗಳು ತಪ್ಪದಂತೆ ತರುತ್ತಿದ್ದರು. ಪ್ರಯೋಗಶಾಲೆ ಇತ್ತು, ಪತ್ರಿಕೆ ಇತ್ತು, ಚುರುಕಾದ ಹುಡುಗರಿದ್ದರು. ಇಲ್ಲದಿದ್ದುದು ಸೈದ್ಧಾಂತಿಕ ಭೌತಶಾಸ್ತ್ರದ ಹಿರಿಯ ಗುರುವೊಬ್ಬರು.

ಅತಿಥಿ ಪ್ರಾಧ್ಯಾಪಕನಾಗಿರುವುದೆಂದರೆ ಏನು ಎಂಬುದು ರಾಮನ್ ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. 1924ರಲ್ಲಿ ಅವರು ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಗೆಂದು ಟೊರಾಂಟೊಗೆ ಹೋಗಿದ್ದರು. ಎಕ್ಸ್-ಕಿರಣಗಳು ಚದುರುವಾಗ ಅವುಗಳ ಅಲೆಯುದ್ದ ಬದಲಾಗುತ್ತದೆಂಬ ಕಾಂಪ್ಟನ್ನರ ಶೋಧದ ಮೇಲೆ ಅಲ್ಲಿ ಬಿಸಿಬಿಸಿ ವಾಗ್ವಾದ ನಡೆದಾಗ ರಾಮನ್ ಎದುರಿಗೇ ಇದ್ದರು. ಅಲ್ಲಿಂದ ಮಿಲಿಕನ್ ಅವರ ಆಹ್ವಾನದ ಮೇಲೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ ಹೋಗಿ, ಕ್ಯಾಲ್‌ಟೆಕ್ಕಿನಲ್ಲಿ ಕೆಲವು ತಿಂಗಳು ಅತಿಥಿ ಪ್ರಾಧ್ಯಾಪಕರಾಗಿದ್ದರು. ನಾಲ್ಕು ವರ್ಷಗಳ ನಂತರ, 1928ರ ಫೆಬ್ರವರಿಯಲ್ಲಿ, ದ್ರವದಲ್ಲಿ ಚದುರಿದ ಬೆಳಕಿನಲ್ಲಿ ಹೊಸ ಬಣ್ಣಗಳನ್ನು ಕಂಡಾಗ ಅದು ಕಾಂಪ್ಟನ್ ಪರಿಣಾಮದ ಬಂಧುವೆಂಬ ಯೋಚನೆ ಅವರಿಗೆ ಸಹಜವಾಗಿ ಹೊಳೆಯಿತು. ಎರಡಕ್ಕೂ ನೇರ ಕಾರಣ-ಕಾರ್ಯದ ಗಂಟು ಹಾಕುವುದು ಅತಿಯಾದೀತು. ಆದರೂ ಹೊರಗೆ ಹೋಗಿ ನಾಲ್ಕು ಜನರ ವಾದ ಕೇಳಿ ಬಂದವರ ಪ್ರಯೋಗಶಾಲೆಯಲ್ಲಿ ಪ್ರಶ್ನೆಗಳ ಮಟ್ಟ ಏರುತ್ತದೆ ಎಂಬುದನ್ನು ರಾಮನ್ ಕಂಡುಂಡಿದ್ದರು.

ಬಾರ್ನ್ ಅವರಿಗೂ ಇದು ಮೊದಲ ಅತಿಥಿ ಪೀಠವಲ್ಲ. ಸರಿಯಾಗಿ ಹತ್ತು ವರ್ಷ ಹಿಂದೆ, 1925ರ ನವೆಂಬರಿನಿಂದ 1926ರ ಜನವರಿಯವರೆಗೆ, ಅವರು ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡಿದ್ದರು. ಎರಡು ಭೇಟಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಎಂಐಟಿಗೆ ಹೋದಾಗ ಬಾರ್ನ್ ಕೈಯಲ್ಲಿ ಮಸಿ ಆರದ ಸಿದ್ಧಾಂತವಿತ್ತು. ಮ್ಯಾಟ್ರಿಕ್ಸ್ ಮೆಕ್ಯಾನಿಕ್ಸಿನ ಮುಖ್ಯ ಲೇಖನಗಳು ಇನ್ನೂ ಅಚ್ಚಿನ ಮನೆಯಿಂದ ಹೊರಬರುತ್ತಿದ್ದವು. ಪರಮಾಣು ರಚನೆಯ ಮೇಲೆ ಇಪ್ಪತ್ತು, ಸ್ಫಟಿಕಗಳ ಜಾಲಕ ಸಿದ್ಧಾಂತದ ಮೇಲೆ ಹತ್ತು, ಹೀಗೆ ಮೂವತ್ತು ಉಪನ್ಯಾಸಗಳನ್ನು ಕೊಟ್ಟರು. ಎಂಐಟಿ ಅವನ್ನು 1926ರಲ್ಲೇ ಪುಸ್ತಕವಾಗಿ ಪ್ರಕಟಿಸಿತು. ಹೊಸ ಕ್ವಾಂಟಂ ಮೆಕ್ಯಾನಿಕ್ಸನ್ನು ವಿವರಿಸಿದ ಮೊದಲ ಪುಸ್ತಕಗಳಲ್ಲಿ ಅದೊಂದು. ಪಾಠದ ನಡುವೆ ಅಲ್ಲಿನ ತರುಣ ಗಣಿತಜ್ಞ ನಾರ್ಬರ್ಟ್ ವೀನರ್ ಜೊತೆ ಕೂತು, ಮ್ಯಾಟ್ರಿಕ್ಸುಗಳ ಜಾಗದಲ್ಲಿ ಆಪರೇಟರುಗಳನ್ನು ಬಳಸುವ ಬಗೆಯನ್ನು ಹುಡುಕಿದರು. ಶ್ರೋಡಿಂಗರ್ ಕೆಲವೇ ತಿಂಗಳಲ್ಲಿ ತಲುಪಲಿದ್ದ ಜಾಗದ ಹತ್ತಿರಕ್ಕೇ ಇಬ್ಬರೂ ಬಂದಿದ್ದರು. ಆತಿಥೇಯ ಸಂಸ್ಥೆಯಲ್ಲಿ ಸಮಾನಸ್ಕಂಧರೊಬ್ಬರು ಸಿಕ್ಕರೆ ಎರಡು ಮೂರು ತಿಂಗಳಲ್ಲೂ ಎಷ್ಟು ನಡೆಯಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಬೆಂಗಳೂರಿಗೆ ಬಂದ ಬಾರ್ನ್ ಬೇರೆಯೇ ಸ್ಥಿತಿಯಲ್ಲಿದ್ದರು. ವಿದ್ವತ್ತು ಅದೇ, ಕೀರ್ತಿಯೂ ಅದೇ. ಆದರೆ ಬೆನ್ನ ಹಿಂದೆ ಹಿಂತಿರುಗಬಹುದಾದ ವಿಶ್ವವಿದ್ಯಾಲಯ ಇರಲಿಲ್ಲ.

ಅವರು ಇಲ್ಲಿ ಕಲಿಸಿದ್ದೇನು? ಒಂದು ಉಪನ್ಯಾಸದ ಪಾಠ ಉಳಿದಿದೆ. ‘137 ಎಂಬ ನಿಗೂಢ ಸಂಖ್ಯೆ’ ಎಂಬರ್ಥದ ಶೀರ್ಷಿಕೆಯ ಆ ಬರಹ 1935ರಲ್ಲಿ ರಾಮನ್ ಅವರ ಅಕಾಡೆಮಿಯ ಪತ್ರಿಕೆಯಲ್ಲೇ ಅಚ್ಚಾಯಿತು. ವಿಷಯ ಹೀಗಿದೆ. ಎಲೆಕ್ಟ್ರಾನಿನ ವಿದ್ಯುದಂಶ, ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ, ಇವು ನಿಸರ್ಗದ ಮೂರು ಮೂಲ ಪ್ರಮಾಣಗಳು. ಮೊದಲನೆಯದಕ್ಕೆ ವಿದ್ಯುತ್ತಿನ ಅಳತೆ, ಎರಡನೆಯದಕ್ಕೆ ದೂರ-ಕಾಲದ ಅಳತೆ, ಮೂರನೆಯದಕ್ಕೆ ಶಕ್ತಿ-ಕಾಲದ ಅಳತೆ. ಆದರೆ ಮೂರನ್ನೂ ಒಂದು ನಿರ್ದಿಷ್ಟ ರೀತಿಯಲ್ಲಿ ಗುಣಿಸಿ ಭಾಗಿಸಿದರೆ ಅಳತೆಗಳೆಲ್ಲ ಒಂದನ್ನೊಂದು ಹೊಡೆದುಹಾಕಿ ಬರೀ ಒಂದು ಸಂಖ್ಯೆ ಉಳಿಯುತ್ತದೆ: ಸುಮಾರು 137ರಲ್ಲಿ ಒಂದು ಪಾಲು. ಮೀಟರಿನಲ್ಲಿ ಅಳೆದರೂ ಅಷ್ಟೇ, ಮೊಳದಲ್ಲಿ ಅಳೆದರೂ ಅಷ್ಟೇ. ಸೊಮರ್‌ಫೆಲ್ಡ್ 1916ರಲ್ಲಿ ಭೌತಶಾಸ್ತ್ರಕ್ಕೆ ತಂದ ಈ ಸಂಖ್ಯೆ ಬೆಳಕಿಗೂ ದ್ರವ್ಯಕ್ಕೂ ಇರುವ ನಂಟಿನ ಬಿಗಿಯನ್ನು ತಿಳಿಸುತ್ತದೆ. ಅದೇಕೆ 137, ಏಕೆ ಬೇರೆಯಲ್ಲ? ಎಡಿಂಗ್ಟನ್ ಇದನ್ನು ಬರೀ ತರ್ಕದಿಂದ ಪಡೆಯಲು ಹೆಣಗುತ್ತಿದ್ದ ಕಾಲ ಅದು. ಇಂದಿಗೂ ಆ ಸಂಖ್ಯೆಯನ್ನು ಅಳೆಯಲಾಗುತ್ತದೆಯೇ ಹೊರತು ಯಾವ ಸಿದ್ಧಾಂತದಿಂದಲೂ ಹೊರಡಿಸಲಾಗಿಲ್ಲ.

ಅತಿಥಿಯೊಬ್ಬರು ಆರಿಸಿಕೊಂಡ ವಿಷಯ ಅವರ ಮನಸ್ಸನ್ನು ತೋರಿಸುತ್ತದೆ. ತಾವು ಗೆದ್ದ ಕಥೆಯನ್ನು, ಗೋಟಿಂಗೆನ್ನಿನ ವೈಭವವನ್ನು ಬಾರ್ನ್ ಹೇಳಬಹುದಿತ್ತು. ಅದನ್ನು ಬಿಟ್ಟು, ಯಾರಿಗೂ ಬಿಡಿಸಲಾಗದ ಪ್ರಶ್ನೆಯೊಂದನ್ನು ತಂದು ಬೆಂಗಳೂರಿನ ಕೇಳುಗರ ಮುಂದಿಟ್ಟರು. ಈ ಊರಿನ ವಿದ್ಯಾರ್ಥಿಗಳು ಮುಗಿದ ವಿಜ್ಞಾನವನ್ನು ಕೇಳುವವರು ಎಂದು ಅವರು ಭಾವಿಸಲಿಲ್ಲ. ನಡೆಯುತ್ತಿರುವ ವಿಜ್ಞಾನದಲ್ಲಿ ಪಾಲುದಾರರು ಎಂದು ಭಾವಿಸಿದರು. ಗುರುವಿನಿಂದ ಶಿಷ್ಯರಿಗೆ ಸಲ್ಲಬೇಕಾದ ಗೌರವ ಇದೇ.

ಅದು ಬರೀ ಮಾತಿನ ಗೌರವವೂ ಆಗಿರಲಿಲ್ಲ. ರಾಮನ್ ಅವರ ತರುಣ ಶಿಷ್ಯ ಎನ್. ಎಸ್. ನಾಗೇಂದ್ರನಾಥ್ ಆಗ ಗುರುವಿನ ಜೊತೆ ಸೇರಿ, ಶ್ರವಣಾತೀತ ಧ್ವನಿತರಂಗಗಳು ಹಾದುಹೋಗುವ ದ್ರವದಲ್ಲಿ ಬೆಳಕು ಹೇಗೆ ಬಾಗುತ್ತದೆಂಬುದನ್ನು ಲೆಕ್ಕ ಹಾಕುತ್ತಿದ್ದರು. 1935-36ರಲ್ಲಿ ಸಾಲಾಗಿ ಪ್ರಕಟವಾದ ಆ ಕೆಲಸ ಇಂದು ಜಗತ್ತಿನಾದ್ಯಂತ ರಾಮನ್-ನಾಥ್ ಸಿದ್ಧಾಂತವೆಂದೇ ಪರಿಚಿತ. ಅದೇ ನಾಗೇಂದ್ರನಾಥ್ ಜೊತೆ ಬಾರ್ನ್ ಸೇರಿ, ಬೆಳಕಿನ ಕಣವು ಎರಡು ನ್ಯೂಟ್ರಿನೊಗಳ ಜೋಡಿಯಾಗಿರಬಹುದೇ ಎಂಬ ಆಗಿನ ಹೊಸ ಊಹೆಯ ಮೇಲೆ ಲೇಖನ ಬರೆದರು. 1936ರಲ್ಲಿ ಅದೂ ಬೆಂಗಳೂರಿನ ಪತ್ರಿಕೆಯಲ್ಲೇ ಬಂತು. ಆ ಊಹೆ ನಿಲ್ಲಲಿಲ್ಲ. ಆ ಕಾಲದ ಅನೇಕ ಊಹೆಗಳೂ ನಿಲ್ಲಲಿಲ್ಲ. ಆದರೆ ಹೈಸನ್‌ಬರ್ಗ್ ಜೊತೆ ಲೇಖನ ಬರೆದ ಕೈ, ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಬೆಂಗಳೂರಿನ ಹುಡುಗನೊಬ್ಬನ ಜೊತೆ ಸಮಾನವಾಗಿ ಲೇಖನ ಬರೆಯಿತು. ತರಗತಿಯ ಭಾಷೆ ಇಂಗ್ಲಿಷ್. ಅದು ಹೇಳುವವರ ಮನೆಮಾತೂ ಅಲ್ಲ, ಕೇಳುವವರ ಮನೆಮಾತೂ ಅಲ್ಲ. ಎರಡೂ ಕಡೆಯವರು ಕಲಿತ ಭಾಷೆಯಲ್ಲಿ, ಕರಿಹಲಗೆಯ ಮೇಲಿನ ಗಣಿತವನ್ನು ಆಸರೆಯಾಗಿಟ್ಟುಕೊಂಡು ನಡೆದ ಪಾಠ ಅದು.

ಇಷ್ಟನ್ನು ಕಂಡ ರಾಮನ್, ಬಾರ್ನ್ ಅವರನ್ನು ಕಾಯಂ ಆಗಿ ಉಳಿಸಿಕೊಳ್ಳಲು ಹೊರಟರು. ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಒಂದು ಪೀಠ ಬೇಕು, ಅದಕ್ಕೆ ಬಾರ್ನ್ ಬೇಕು. ಬಾರ್ನ್ ದಂಪತಿಗಳಿಗೂ ಒಪ್ಪಿಗೆಯಿತ್ತು. ಪ್ರಸ್ತಾಪ ಅಧ್ಯಾಪಕರ ಸಭೆಗೆ ಬಂತು. ಬಾರ್ನ್ ತಾವೂ ಆ ಸಭೆಯಲ್ಲಿ ಕುಳಿತಿದ್ದರು. ರಾಮನ್ ಎದ್ದು ಅತಿಥಿಯನ್ನು ತುಂಬು ಮಾತುಗಳಲ್ಲಿ ಹೊಗಳಿದರು. ಬಳಿಕ ಇಂಗ್ಲೆಂಡಿನಿಂದ ಬಂದಿದ್ದ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕ ಆಸ್ಟನ್ ಎದ್ದು ಪ್ರಸ್ತಾಪವನ್ನು ಕಟುವಾಗಿ ವಿರೋಧಿಸಿದರು. ಸ್ವಂತ ದೇಶವೇ ಓಡಿಸಿದ ಎರಡನೆಯ ದರ್ಜೆಯ ಪರದೇಶಿಯೊಬ್ಬರು ಈ ಸಂಸ್ಥೆಗೆ ತಕ್ಕವರಲ್ಲ ಎಂಬುದು ಅವರ ಮಾತಿನ ಸಾರ. ಆಸ್ಟನ್ ದಂಪತಿಗಳೊಡನೆ ಬಾರ್ನ್ ದಂಪತಿಗಳು ಸ್ನೇಹದಿಂದಲೇ ನಡೆದುಕೊಂಡಿದ್ದರು. ಅಂದು ಬಂಗಲೆಗೆ ಹಿಂತಿರುಗಿ ಹೆಂಡತಿಯ ಮುಂದೆ ಅತ್ತುಬಿಟ್ಟದ್ದನ್ನು ಬಾರ್ನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗೋಟಿಂಗೆನ್ನಿನಲ್ಲಿ ಅವರನ್ನು ತೆಗೆದದ್ದು ಕಾನೂನು, ಅದಕ್ಕೆ ಮುಖವಿರಲಿಲ್ಲ. ಬೆಂಗಳೂರಿನಲ್ಲಿ ಅದೇ ಅವಮಾನ, ಪರಿಚಯದ ಮನುಷ್ಯನೊಬ್ಬನ ಬಾಯಿಂದ, ಎದುರಿಗೇ ಬಂತು. ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ: ದೇಶ ಓಡಿಸಿತು ಎಂಬುದನ್ನೇ ಅವರ ಅನರ್ಹತೆಗೆ ಸಾಕ್ಷಿ ಮಾಡಲಾಯಿತು. ಮನೆ ಕಳೆದುಕೊಂಡವರನ್ನು ಅಳೆಯಲು ಅವರು ಕಳೆದುಕೊಂಡದ್ದನ್ನೇ ಕೋಲು ಮಾಡಿಕೊಳ್ಳುವ ಈ ಕ್ರೌರ್ಯ 1936ಕ್ಕೇ ಮುಗಿದಿಲ್ಲ. ಯುದ್ಧಗಳಿಂದ, ಸರ್ವಾಧಿಕಾರಿಗಳಿಂದ ತಪ್ಪಿಸಿಕೊಂಡು ಬರುವ ವಿದ್ವಾಂಸರ ಅರ್ಜಿಗಳು ಇಂದೂ ಅನೇಕ ದೇಶಗಳ ಕಚೇರಿಗಳಲ್ಲಿ ಇದೇ ಅನುಮಾನಕ್ಕೆ ಸಿಕ್ಕಿ ಬಿದ್ದಿರುತ್ತವೆ.

ತಪ್ಪೆಲ್ಲ ಒಬ್ಬ ಆಸ್ಟನ್ ಅವರದು ಎಂದು ಕೈತೊಳೆದುಕೊಂಡರೆ ಚರಿತ್ರೆಗೆ ನ್ಯಾಯ ಸಲ್ಲುವುದಿಲ್ಲ. ಆ ಹೊತ್ತಿಗೆ ಸಂಸ್ಥೆಯಲ್ಲಿ ನಿರ್ದೇಶಕರಿಗೂ ಹಳೆಯ ವಿಭಾಗಗಳಿಗೂ ಹಣ, ಅಧಿಕಾರಗಳ ಜಗಳ ತೀವ್ರವಾಗಿತ್ತು. ಭೌತಶಾಸ್ತ್ರಕ್ಕೆ ಹೆಚ್ಚು, ಉಳಿದವಕ್ಕೆ ಕಡಿಮೆ ಎಂಬುದು ದೂರು. ರಾಮನ್ ಮೆಲ್ಲಗೆ ನಡೆಯುವವರಲ್ಲ. ಸಹೋದ್ಯೋಗಿಗಳ ಮನವೊಲಿಸಿ ಜೊತೆಗೆ ಕರೆದೊಯ್ಯುವ ತಾಳ್ಮೆ ಅವರ ಸ್ವಭಾವದಲ್ಲಿರಲಿಲ್ಲ. ಬಾರ್ನ್ ಅವರನ್ನು ಕರೆಸಿದ್ದೂ ಆ ಜಗಳದ ಒಂದು ಎಳೆಯಾಯಿತು. ಸರ್ ಜೇಮ್ಸ್ ಅರ್ವಿನ್ ನೇತೃತ್ವದ ಪರಿಶೀಲನಾ ಸಮಿತಿ ಬಂತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟರು, ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಉಳಿದರು. ಇಂಗ್ಲೆಂಡಿಗೆ ಮರಳಿದ್ದ ಬಾರ್ನ್ ಈ ನಡುವೆ ರುದರ್‌ಫೋರ್ಡ್ ಅವರಿಗೆ ಕಾಗದ ಬರೆದು ರಾಮನ್ ಪರ ನಿಂತರು. ದೊಡ್ಡ ಸಂಬಳದ ಜನ ನಿದ್ದೆಯಲ್ಲಿದ್ದ ಸಂಸ್ಥೆಯನ್ನು ರಾಮನ್ ಎಬ್ಬಿಸಲು ಹೊರಟರು, ತೊಂದರೆ ಬಂದದ್ದು ಅದರಿಂದ, ಎಂಬುದು ಅವರ ಅಭಿಪ್ರಾಯ. ತಮ್ಮನ್ನು ಅವಮಾನಿಸಿದ ಸಂಸ್ಥೆಯ ಬಗ್ಗೆ ಅವರು ಕಹಿಯನ್ನಷ್ಟೇ ಇಟ್ಟುಕೊಳ್ಳಲಿಲ್ಲ, ಅಲ್ಲಿ ನಡೆಯುತ್ತಿದ್ದ ಒಳ್ಳೆಯದನ್ನು ಗುರುತಿಸಿ ಹೇಳಿದರು. ಅತಿಥಿಯ ದೊಡ್ಡತನ ಇದು.

ಆತಿಥೇಯ ನಗರ ಬೇರೆ ರೀತಿ ನಡೆದುಕೊಂಡಿದ್ದರೆ ಏನಾಗಬಹುದಿತ್ತು? ಇದಕ್ಕೆ ಊಹೆಯಲ್ಲಿ ಮುಳುಗಬೇಕಿಲ್ಲ. ಬಾರ್ನ್ ಬಂದ ವರ್ಷದ್ದೇ ಇನ್ನೊಂದು ನಿಜವಾದ ಕಥೆಯಿದೆ. ಫ್ರೆಡ್ರಿಕ್ ವಿಲ್‌ಹೆಲ್ಮ್ ಲೆವಿ ಲೈಪ್‌ಜಿಗ್ಗಿನ ಬೀಜಗಣಿತಜ್ಞ. ಅವರನ್ನೂ ನಾಜಿಗಳು ಹುದ್ದೆಯಿಂದ ತೆಗೆದರು. 1935ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅವರನ್ನು ಗಣಿತ ವಿಭಾಗದ ಮುಖ್ಯಸ್ಥರ ಸ್ಥಾನಕ್ಕೇ ಕರೆಯಿತು. ಲೆವಿ ಅಲ್ಲಿ 1948ರವರೆಗೆ ಉಳಿದರು. ಆಗ ಭಾರತದಲ್ಲಿ ಹೆಚ್ಚು ಜನಕ್ಕೆ ಗೊತ್ತಿರದ ಅಮೂರ್ತ ಬೀಜಗಣಿತವನ್ನು ವರ್ಷದಿಂದ ವರ್ಷಕ್ಕೆ ಪಾಠ ಮಾಡಿದರು. ಕೇಳುಗರಲ್ಲಿ ಮಹಾಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯ ಆರ್. ಸಿ. ಬೋಸ್ ಒಬ್ಬರು. ಸಾಂತ ಕ್ಷೇತ್ರಗಳ ಬೀಜಗಣಿತವನ್ನು ಬೋಸ್ ಕಲಿತದ್ದು ಆ ಪಾಠಗಳಿಂದ. ಕೃಷಿ ಪ್ರಯೋಗಗಳ ವಿನ್ಯಾಸಕ್ಕೆ, ಅಂದರೆ ಯಾವ ಗೊಬ್ಬರವನ್ನು ಯಾವ ಪಾತಿಗೆ ಹಾಕಿದರೆ ಹೋಲಿಕೆ ನ್ಯಾಯವಾಗಿರುತ್ತದೆ ಎಂಬ ಲೆಕ್ಕಕ್ಕೆ, ಅವರು ಅದನ್ನು ಬಳಸಿದರು.

ಅಲ್ಲಿಂದ ಎಳೆ ಮುಂದೆ ಹೋಯಿತು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಒಂದು ಪ್ರಶ್ನೆ ಎತ್ತಿದ್ದರು: ಆರು ರೆಜಿಮೆಂಟುಗಳಿಂದ ಆರು ದರ್ಜೆಯ ಒಬ್ಬೊಬ್ಬರಂತೆ ಮೂವತ್ತಾರು ಅಧಿಕಾರಿಗಳನ್ನು, ಯಾವ ಸಾಲಿನಲ್ಲೂ ಕಂಬದಲ್ಲೂ ದರ್ಜೆಯಾಗಲಿ ರೆಜಿಮೆಂಟಾಗಲಿ ಮರುಕಳಿಸದಂತೆ ಚೌಕವಾಗಿ ನಿಲ್ಲಿಸಬಹುದೇ? ಆರಕ್ಕೆ ಆಗದು, ಹತ್ತು, ಹದಿನಾಲ್ಕು ಎಂದು ಅದೇ ಜಾತಿಯ ಯಾವ ಸಂಖ್ಯೆಗೂ ಆಗದು ಎಂದು ಅವರು ಊಹಿಸಿದರು. ಆರರ ಮಟ್ಟಿಗೆ ಅದು ನಿಜ. 1959ರಲ್ಲಿ ಅಮೆರಿಕದಲ್ಲಿದ್ದ ಬೋಸ್ ಮತ್ತು ಅವರ ಶಿಷ್ಯ ಎಸ್. ಎಸ್. ಶ್ರೀಖಂಡೆ, ಗಣಿತಜ್ಞ ಪಾರ್ಕರ್ ಜೊತೆ ಸೇರಿ, ಉಳಿದೆಲ್ಲವುಗಳ ವಿಷಯದಲ್ಲಿ ಆಯ್ಲರ್ ಊಹೆ ತಪ್ಪೆಂದು ತೋರಿಸಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದ ಸುದ್ದಿ ಮಾಡಿತು. ಲೈಪ್‌ಜಿಗ್ಗಿನಲ್ಲಿ ಕೆಲಸ ಕಳೆದುಕೊಂಡವರೊಬ್ಬರ ಕಲ್ಕತ್ತೆಯ ತರಗತಿಗೂ ಆ ಸುದ್ದಿಗೂ ನಡುವಿನ ದಾರಿ ಇಪ್ಪತ್ತು ವರ್ಷ ಉದ್ದದ್ದು. ಅತಿಥಿಯನ್ನು ಉಳಿಸಿಕೊಂಡವರಿಗೆ ಮಾತ್ರ ಅಂಥ ದಾರಿ ತೆರೆಯುತ್ತದೆ.

ಬಾರ್ನ್ ಅವರ ದಾರಿ ಎಡಿನ್‌ಬರೋಗೆ ಹೋಯಿತು. ಬೆಂಗಳೂರು ಕೈಬಿಟ್ಟ ಮೇಲೆ ಮಾಸ್ಕೋದಿಂದ ಭೌತವಿಜ್ಞಾನಿ ಕಪಿಟ್ಸಾ ಅವರ ಕರೆ ಬಂದಿತ್ತು. ಅಷ್ಟರಲ್ಲಿ ಎಡಿನ್‌ಬರೋದ ಟೇಟ್ ಪೀಠ ತೆರವಾಗಿ 1936ರಲ್ಲಿ ಬಾರ್ನ್ ಅದಕ್ಕೆ ಆಯ್ಕೆಯಾದರು. 1953ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಇದ್ದರು. ಆ ಹದಿನೇಳು ವರ್ಷಗಳಲ್ಲಿ ಅವರ ಬಳಿ ಕಲಿಯಲು ಏಷ್ಯಾದಿಂದ ಯಾರು ಯಾರು ಹೋದರು ಎಂಬುದನ್ನು ನೋಡಬೇಕು. ಚೀನಾದ ಪೆಂಗ್ ಹ್ವಾನ್‌ವು ಹೋದರು, ಚೆಂಗ್ ಕಾಯ್‌ಜಿಯಾ ಹೋದರು. ಇಬ್ಬರೂ ಹಿಂತಿರುಗಿ ತಮ್ಮ ದೇಶದ ಪರಮಾಣು ಕಾರ್ಯಕ್ರಮದ ಮುಂಚೂಣಿಯಲ್ಲಿ ನಿಂತರು. ಹ್ವಾಂಗ್ ಕುನ್ ಬಾರ್ನ್ ಜೊತೆ ಸ್ಫಟಿಕ ಜಾಲಕಗಳ ಚಲನಶಾಸ್ತ್ರದ ಮೇಲೆ ಪುಸ್ತಕ ಬರೆದರು. 1954ರಲ್ಲಿ ಬಂದ ಅದು ಇಂದಿಗೂ ಆ ಕ್ಷೇತ್ರದ ಆಕರಗ್ರಂಥ. ಹ್ವಾಂಗ್ ಚೀನಾದಲ್ಲಿ ಅರೆವಾಹಕ ಭೌತಶಾಸ್ತ್ರಕ್ಕೆ ತಳಪಾಯ ಹಾಕಿದರು. ಯಶವಂತಪುರದ ಪಕ್ಕದ ಬಂಗಲೆಯೊಂದರಲ್ಲಿ ಬಾರ್ನ್ ಉಳಿದಿದ್ದರೆ ಇಂಥ ತರುಣರು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುವ ಬದಲು ಬೆಂಗಳೂರಿಗೆ ಬರುತ್ತಿದ್ದರೇ? ಒಬ್ಬಿಬ್ಬರಾದರೂ ಬರುತ್ತಿದ್ದರು. ಭಾರತದ ಹುಡುಗರಿಗಂತೂ ಹಡಗಿನ ಖರ್ಚೇ ಬೇಕಿರಲಿಲ್ಲ.

ಬೆಂಗಳೂರಿನ ಆ ಖಾಲಿ ಜಾಗಕ್ಕೆ ಕೊನೆಗೆ ಬಂದವರು ಹೋಮಿ ಭಾಭಾ. 1939ರಲ್ಲಿ ಕೇಂಬ್ರಿಡ್ಜಿನಿಂದ ರಜೆಗೆ ಬಂದವರು ಯುದ್ಧ ಶುರುವಾಗಿ ಹಿಂತಿರುಗಲಾಗದೆ ಉಳಿದರು. ರಾಮನ್ ವಿಭಾಗದಲ್ಲೇ ಸೈದ್ಧಾಂತಿಕ ಭೌತಶಾಸ್ತ್ರದ ರೀಡರ್ ಆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕೆಲಸ ಆರಂಭಿಸಿದ್ದು ಬೆಂಗಳೂರಿನ ಆ ಆವರಣದಲ್ಲೇ; ಅದೇ ವರ್ಷ ಅದು ಬೊಂಬಾಯಿಗೆ ಹೋಯಿತು. ಮೂರು ವರ್ಷದ ಬಳಿಕ ಕಲ್ಕತ್ತೆಯ ಲೆವಿ ಅವರನ್ನೂ ಕರೆಸಿಕೊಂಡಿತು. ಒಳ್ಳೆಯ ಅತಿಥಿಯ ಬೆಲೆ ಭಾಭಾ ಅವರಿಗೆ ಗೊತ್ತಿತ್ತು.

ರಾಮನ್ ಮತ್ತು ಬಾರ್ನ್ ಅವರ ಸಂಬಂಧದ ಕೊನೆಯ ಅಧ್ಯಾಯವನ್ನು ಬಿಡುವ ಹಾಗಿಲ್ಲ. 1940ರ ದಶಕದಲ್ಲಿ ಅವರಿಬ್ಬರ ನಡುವೆ ದೊಡ್ಡ ವಿವಾದ ಎದ್ದಿತು. ವಜ್ರದಂಥ ಸ್ಫಟಿಕದಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದು ಪ್ರಶ್ನೆ. ಬಾರ್ನ್ 1912ರಲ್ಲೇ ಕಾರ್ಮಾನ್ ಜೊತೆ ಸೇರಿ ಉತ್ತರ ಕೊಟ್ಟಿದ್ದರು: ಕಂಪನಗಳ ಆವೃತ್ತಿಗಳು ಎಡೆಬಿಡದೆ ಹರಡಿಕೊಂಡಿರುತ್ತವೆ. ಲೆಕ್ಕ ಸುಲಭವಾಗಲೆಂದು ಅವರು ಸ್ಫಟಿಕದ ಒಂದು ತುದಿ ಇನ್ನೊಂದು ತುದಿಗೆ ಸೇರಿಕೊಂಡಂತೆ ಭಾವಿಸಿದ್ದರು. ಆ ಭಾವನೆ ಕೃತಕ, ನಿಜವಾದ ಸ್ಫಟಿಕದಲ್ಲಿ ಬೆರಳೆಣಿಕೆಯ ಖಚಿತ ಆವೃತ್ತಿಗಳು ಮಾತ್ರ ಇರುತ್ತವೆ, ಎಂದರು ರಾಮನ್. ಪ್ರಯೋಗದಲ್ಲಿ ತಮಗೆ ಕಂಡ ಚೂಪಾದ ಗೆರೆಗಳೇ ಅವರ ಆಧಾರ. ಲೇಖನಕ್ಕೆ ಪ್ರತಿಲೇಖನ, ಟೀಕೆಗೆ ಪ್ರತಿಟೀಕೆ ಎಂದು ಅದು ವರ್ಷಗಟ್ಟಲೆ ಬೆಳೆಯಿತು. 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ನ್ಯೂಟ್ರಾನುಗಳನ್ನು ಸ್ಫಟಿಕದಲ್ಲಿ ಹಾಯಿಸಿ ಆವೃತ್ತಿಗಳನ್ನು ನೇರವಾಗಿ ಅಳೆಯುವ ದಾರಿ ಕಂಡುಹಿಡಿದ ಮೇಲೆ, ಬಾರ್ನ್ ಹೇಳಿದ್ದೇ ಸರಿ ಎಂಬುದು ಖಚಿತವಾಯಿತು. ರಾಮನ್ ಕಂಡ ಗೆರೆಗಳೂ ಸುಳ್ಳಲ್ಲ. ಆವೃತ್ತಿಗಳು ದಟ್ಟವಾಗಿ ಸೇರುವ ಜಾಗಗಳಲ್ಲಿ ಅಂಥ ಗೆರೆಗಳು ಏಳುತ್ತವೆ ಎಂದು ಈಗ ಗೊತ್ತಾಗಿದೆ.

ಈ ಜಗಳವನ್ನು ಗೆಳೆತನದ ದುರಂತ ಎಂದು ವರ್ಣಿಸುವುದುಂಟು. ವೈಯಕ್ತಿಕವಾಗಿ ಅದು ಇಬ್ಬರಿಗೂ ನೋವು ತಂದಿತು, ನಿಜ. ಆದರೆ ವಿದ್ಯೆಯ ದೃಷ್ಟಿಯಿಂದ ನೋಡಿದರೆ ಬೆಂಗಳೂರಿಗೆ ಈ ಭಿನ್ನಮತ ಬೇಕಾಗಿತ್ತು, ಅದೂ ಒಂದೇ ಛಾವಣಿಯ ಕೆಳಗೆ. ಎಡಿನ್‌ಬರೋಗೂ ಬೆಂಗಳೂರಿಗೂ ನಡುವೆ ಪತ್ರಿಕೆಯ ಪುಟಗಳಲ್ಲಿ ನಡೆದ ವಾದ, ಒಂದೇ ಕರಿಹಲಗೆಯ ಮುಂದೆ, ವಿದ್ಯಾರ್ಥಿಗಳ ಎದುರಿಗೆ ನಡೆದಿದ್ದರೆ ಬಹಳ ಬೇಗ ಇತ್ಯರ್ಥವಾಗುತ್ತಿತ್ತು. ರಾಮನ್ ಅವರಂಥ ಮಹಾ ಪ್ರಯೋಗಶೀಲರಿಗೆ, ಅವರ ಮಾತನ್ನು ಅಳುಕದೆ ತಿದ್ದಬಲ್ಲ ಸಿದ್ಧಾಂತಿಯೊಬ್ಬರು ಪಕ್ಕದ ಕೋಣೆಯಲ್ಲಿ ಬೇಕಿತ್ತು. ಆ ಕೊರತೆಯನ್ನು ತಾವೇ ಕಂಡುಕೊಂಡು, ಸರಿಯಾದ ಮನುಷ್ಯರನ್ನು ತಾವೇ ಕರೆತಂದಿದ್ದರು ಅವರು.

ಈಗಿನ ವ್ಯವಸ್ಥೆಯ ಬಗ್ಗೆ ಎರಡು ಮಾತು. ಹೊರದೇಶದ ಪ್ರಾಧ್ಯಾಪಕರನ್ನು ಕರೆಸಲು ಕೇಂದ್ರ ಸರ್ಕಾರ 2015ರಲ್ಲಿ ಜ್ಞಾನ್ ಎಂಬ ಯೋಜನೆ, 2017ರಲ್ಲಿ ವಜ್ರ ಎಂಬ ಯೋಜನೆ ಆರಂಭಿಸಿತು. ಜ್ಞಾನ್ ಯೋಜನೆಯಲ್ಲಿ ಅತಿಥಿ ಒಂದೆರಡು ವಾರ ಪಾಠ ಮಾಡುತ್ತಾರೆ. ವಜ್ರದಲ್ಲಿ ವರ್ಷಕ್ಕೆ ಒಂದರಿಂದ ಮೂರು ತಿಂಗಳು ಇರುತ್ತಾರೆ. ಎರಡೂ ಸ್ವಾಗತಾರ್ಹ. ಎರಡು ವಾರದಲ್ಲಿ ಒಳ್ಳೆಯ ಪರಿಚಯಪಾಠ ಆಗುತ್ತದೆ. ಆದರೆ ಲೆವಿ ಬೋಸ್ ಅವರಿಗೆ ಕೊಟ್ಟಂಥದ್ದನ್ನು, ಬಾರ್ನ್ ನಾಗೇಂದ್ರನಾಥರಿಗೆ ಕೊಡಲು ಶುರುಮಾಡಿದ್ದನ್ನು ಎರಡು ವಾರದಲ್ಲಿ ಕೊಡಲಾಗದು. ವಿದ್ಯಾರ್ಥಿಯ ದಡ್ಡ ಪ್ರಶ್ನೆ ಜಾಣ ಪ್ರಶ್ನೆಯಾಗಿ ಮಾಗುವುದಕ್ಕೇ ಒಂದು ಸೆಮಿಸ್ಟರ್ ಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳು ವರ್ಷಕ್ಕೆ ಹತ್ತು ಜನರನ್ನು ಹಾರ ಹಾಕಿ ಕಳಿಸುವ ಬದಲು ಒಬ್ಬರನ್ನೇ ಕರೆದು, ಪೂರ್ಣ ಸೆಮಿಸ್ಟರ್ ಉಳಿಸಿಕೊಂಡು, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳನ್ನು ಅವರಿಗೆ ಒಪ್ಪಿಸುವುದು ಮೇಲು.

ಕಾರ್ನಾಡರ ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಅವರು ಷಿಕಾಗೊದಲ್ಲಿ ಇದ್ದದ್ದು ಒಂದು ಶೈಕ್ಷಣಿಕ ವರ್ಷ. ಅಲ್ಲೇ ಇದ್ದ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳು ಆ ವರ್ಷ ‘ನಾಗಮಂಡಲ’ವಾದವು, ನಾಟಕ ಮೊದಲು ರಂಗಕ್ಕೇರಿದ್ದೂ ಆ ವಿಶ್ವವಿದ್ಯಾಲಯದ ರಂಗಮಂದಿರದಲ್ಲೇ. ಕನ್ನಡದ ಅಜ್ಜಿಕಥೆಯೊಂದು ಷಿಕಾಗೊಗೆ ಹೋಗಿ ನಾಟಕವಾಗಲು ಬೇಕಾದದ್ದು ಸಂಬಳ ಸಹಿತ ಬಿಡುವು, ಒಬ್ಬ ಒಳ್ಳೆಯ ಜೊತೆಗಾರ, ತಯಾರಾದ ವಿದ್ಯಾರ್ಥಿಗಳು. ಮೂರನ್ನೂ ಆತಿಥೇಯ ಸಂಸ್ಥೆ ಒದಗಿಸಿತ್ತು.

ಇನ್ನೊಂದು ಕೆಲಸಕ್ಕೆ ಹೆಚ್ಚು ಹಣವೂ ಬೇಡ. ಎಂಐಟಿ ಬಾರ್ನ್ ಅವರ ಮೂವತ್ತು ಉಪನ್ಯಾಸಗಳನ್ನು ತಿಂಗಳುಗಳಲ್ಲಿ ಪುಸ್ತಕ ಮಾಡಿತು. ಮೈಸೂರು ವಿಶ್ವವಿದ್ಯಾಲಯವೂ ಒಂದು ಕಾಲಕ್ಕೆ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳನ್ನು ಕಡಿಮೆ ಬೆಲೆಗೆ ಹಳ್ಳಿಹಳ್ಳಿಗೆ ಮುಟ್ಟಿಸಿದೆ. ಅತಿಥಿ ಪ್ರಾಧ್ಯಾಪಕರ ಪಾಠಗಳ ಟಿಪ್ಪಣಿಯನ್ನು ಆಯಾ ವಿಭಾಗದ ವಿದ್ಯಾರ್ಥಿಗಳೇ ತಯಾರಿಸಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅದೇ ವರ್ಷ ಅಚ್ಚುಹಾಕುವ ಹೊಣೆಯನ್ನು ಪ್ರಸಾರಾಂಗಗಳು ಹೊರಬೇಕು. 137ರ ಮೇಲಿನ ಬಾರ್ನ್ ಉಪನ್ಯಾಸ ಓದಲು ಸಿಗುವುದು ರಾಮನ್ ಅವರ ಪತ್ರಿಕೆ ಅದನ್ನು ಅದೇ ವರ್ಷ ಅಚ್ಚುಹಾಕಿದ್ದರಿಂದ. ಅದನ್ನು ಕನ್ನಡಕ್ಕೆ ತರುವ ಕೆಲಸದಿಂದಲೇ ಇಂಥ ಪುಸ್ತಕಗಳ ಮಾಲೆಯನ್ನು ಆರಂಭಿಸಬಹುದು.